ಹಂಡೆ ಕಂಡ ನಾವಿಕ

ಬಸವಾಪಟ್ಟಣದ ಬೆನಕಪ್ಪ ನೌಕಾಪಡೆಗೆ ಸೇರಿದ್ದು ದೇಶಪ್ರೇಮದಿಂದಲ್ಲ, ರಾಜಭಕ್ತಿಯಿಂದಲೂ ಅಲ್ಲ. ಬಾಯಿ ಮುಚ್ಚಿಕೊಂಡಿರಲು ಬಾರದ ಗುಣದಿಂದ. ಇದನ್ನು ಅವನೇ ಎಷ್ಟೋ ಜನರ ಮುಂದೆ ಹೇಳಿದ್ದುಂಟು. ಯಾರೂ ನಂಬಲಿಲ್ಲ, ಅದು ಬೇರೆ ಮಾತು.

1942ರ ಬೇಸಿಗೆ. ಅವನಿಗೆ ಇಪ್ಪತ್ತನಾಲ್ಕು ವರ್ಷ. ಲೋಯರ್ ಸೆಕೆಂಡರಿಯಲ್ಲಿ ಎರಡು ಸಲ ಫೇಲಾಗಿ, ಅಪ್ಪನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಕೂತಿದ್ದ. ಮಾಲು ತರಲು ದಾವಣಗೆರೆಗೆ ಹೋದಾಗ, ರೈಲ್ವೆ ನಿಲ್ದಾಣದ ಎದುರಿಗೆ ಸೈನ್ಯಕ್ಕೆ ಜನ ಸೇರಿಸಿಕೊಳ್ಳುವ ಡೇರೆ ಕಂಡಿತು. ಮಿಲಿಟರಿ ಲಾರಿ ಓಡಿಸಬೇಕೆಂಬುದು ಅವನ ಬಹಳ ದಿನದ ಆಸೆ. ಒಳಗೆ ಹೋಗಿ ನಿಂತ. ಮೇಜಿನ ಹಿಂದೆ ಕೂತಿದ್ದ ಹವಾಲ್ದಾರ ಊರು ಕೇಳಿದ.

"ಬಸವಾಪಟ್ಟಣ ಸ್ವಾಮಿ. ಸೂಳೆಕೆರೆ ಪಕ್ಕದಾಗೆ."

"ಕೆರೆ ಪಕ್ಕ ಅಂತೀಯ, ಈಜು ಬರ್ತದೇನು?"

"ಏನಂತ ಕೇಳ್ತೀರಿ! ಸೂಳೆಕೆರೆನ ಈ ದಡದಿಂದ ಆ ದಡಕ್ಕೆ ಈಜೀನಿ."

ಹವಾಲ್ದಾರ ತಲೆ ಎತ್ತಿ ಅವನನ್ನೊಮ್ಮೆ ಗೌರವದಿಂದ ನೋಡಿದ. ಸೂಳೆಕೆರೆಯ ಆಚೆ ದಡ ಈಚೆ ದಡದವರಿಗೆ ಸರಿಯಾಗಿ ಕಾಣುವುದೂ ಇಲ್ಲ. ಬೆನಕಪ್ಪ ಅದರಲ್ಲಿ ಈಜಿದ್ದು ನಿಜ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ತೂಬಿನ ಹತ್ತಿರ, ಹತ್ತು ಮಾರು. ಹತ್ತನೆಯ ಮಾರಿನಲ್ಲಿ ಬುರುಡೆ ಕಳಚಿಹೋಗಿ, ಅಲ್ಲೇ ಬಟ್ಟೆ ಒಗೆಯುತ್ತಿದ್ದ ಸಾವಂತ್ರಮ್ಮ ಒದ್ದೆ ಸೀರೆ ಎಸೆದು ಅವನನ್ನು ದಡಕ್ಕೆ ಎಳೆದುಕೊಂಡಿದ್ದಳು. ಅಷ್ಟನ್ನೆಲ್ಲ ಹವಾಲ್ದಾರನ ಮುಂದೆ ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಹವಾಲ್ದಾರ ಕಾಗದದ ಮೇಲೆ ಏನನ್ನೋ ಬರೆದು ಮೊಹರು ಒತ್ತಿದ. ಅದು ಲಾರಿಯಲ್ಲ, ಹಡಗು ಎಂದು ಬೆನಕಪ್ಪನಿಗೆ ತಿಳಿದದ್ದು ಸಂಜೆ, ಇಂಗ್ಲಿಷ್ ಬಲ್ಲವರಿಂದ ಓದಿಸಿದಾಗ.

ಮನೆಯಲ್ಲಿ ಅಪ್ಪ ಮಾತು ಬಿಟ್ಟರು. ಹೆಂಡತಿ ಕಲ್ಲಮ್ಮ ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎತ್ತಿನ ಗಾಡಿಯಾಗೆ ಚನ್ನಗಿರಿಗೆ ಹೋಗಾಕೆ ದಾರಿಯಾಗೆ ಎರಡು ಸಲ ಇಳಿದು ವಾಂತಿ ಮಾಡ್ಕಂತೀರಿ. ಸಮುದ್ರದಾಗೆ ಎಲ್ಲಿ ಇಳೀತೀರಿ?"

ಈ ಪ್ರಶ್ನೆಗೆ ಉತ್ತರ ಬೆನಕಪ್ಪನಿಗೆ ಮುಂದಿನ ಮೂರೂವರೆ ವರ್ಷದಲ್ಲೂ ಸಿಗಲಿಲ್ಲ.

ಮುಂಬಯಿಯ ತರಬೇತಿ ಶಿಬಿರದಲ್ಲಿ ಪಂಜಾಬಿಗಳಿದ್ದರು, ರತ್ನಾಗಿರಿಯ ಕಡೆಯವರಿದ್ದರು, ಚಿತ್ತಗಾಂಗಿನ ಮುಸಲ್ಮಾನರಿದ್ದರು. ಎಲ್ಲರ ಮಾತೂ ಹಿಂದೂಸ್ತಾನಿ. ಎರಡನೆಯ ವಾರ ನಲ್ಲಿಯ ಹತ್ತಿರ ಯಾರೋ "ಥೂ, ಇದೇನು ಉಪ್ಪು ನೀರು ಮಾರಾಯಾ" ಎಂದದ್ದು ಕಿವಿಗೆ ಬಿದ್ದಾಗ ಬೆನಕಪ್ಪನಿಗೆ ತವರೂರಿನ ನೆಂಟನೇ ಸಿಕ್ಕಷ್ಟು ಸಂತೋಷವಾಯಿತು. ಅವನು ಜಗಳೂರಿನ ಜಂಪಣ್ಣ. ಬಾವಿ ತೋಡುವವನು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ, ಹಗ್ಗ ಹಿಡಿದು ಮೇಲೆ ಬರುವ ಕೆಲಸದಲ್ಲಿ ಹದಿನೈದನೆಯ ವಯಸ್ಸಿನಿಂದ ಪಳಗಿದವನು. ಬೆನಕಪ್ಪನಿಗಿಂತ ಎರಡು ವರ್ಷ ಚಿಕ್ಕವನು. ಬಟ್ಟೆ ಅಂಗಡಿಯವನೆಂದು ತಿಳಿದ ಮೇಲೆ ಬೆನಕಪ್ಪನನ್ನು ಕೊನೆಯವರೆಗೂ "ಸಾವ್ಕಾರ್ರೆ" ಎಂದೇ ಕರೆದ.

ಮೊದಲ ಸಲ ಇಬ್ಬರೂ ಸಮುದ್ರದ ದಂಡೆಗೆ ಹೋದಾಗ ಜಂಪಣ್ಣ ಬಗ್ಗಿ ಒಂದು ಬೊಗಸೆ ನೀರು ಎತ್ತಿ ನೋಡಿದ. ಆಮೇಲೆ, "ಇಷ್ಟು ನೀರು ಯಾರೂ ತೋಡದೇನೇ ಬಂದೈತಲ್ರಿ ಸಾವ್ಕಾರ್ರೆ" ಎಂದ. ಅವನ ದನಿಯಲ್ಲಿ ಸ್ವಲ್ಪ ಅಸಮಾಧಾನವೂ ಇತ್ತು.

ಇಬ್ಬರನ್ನೂ ಒಂದೇ ಹಡಗಿಗೆ ಹಾಕಿದರು. ಅದು ಮೈನು ತೆಗೆಯುವ ಸಣ್ಣ ಹಡಗು. ಶತ್ರುಗಳು ಕಬ್ಬಿಣದ ದೊಡ್ಡ ಗುಂಡುಗಳಲ್ಲಿ ಮದ್ದು ತುಂಬಿ, ಸರಪಳಿ ಕಟ್ಟಿ, ನೀರಿನೊಳಗೆ ತೇಲಬಿಟ್ಟಿರುತ್ತಾರೆ, ಅದೇ ಮೈನು. ಅದರ ಮೈಮೇಲೆ ಕೊಂಬುಗಳಿರುತ್ತವೆ, ಹಡಗು ಕೊಂಬಿಗೆ ತಾಗಿದರೆ ಮುಗಿಯಿತು. ಈ ಸಣ್ಣ ಹಡಗು ಹಲ್ಲಿರುವ ಉಕ್ಕಿನ ಹಗ್ಗವನ್ನು ಹಿಂದೆ ಎಳೆದುಕೊಂಡು ಹೋಗಬೇಕು. ಹಗ್ಗ ಸರಪಳಿಯನ್ನು ಕತ್ತರಿಸುತ್ತದೆ, ಮೈನು ಮೇಲೆ ತೇಲುತ್ತದೆ, ದೂರ ನಿಂತು ಅದಕ್ಕೆ ಗುಂಡು ಹೊಡೆಯಬೇಕು. ಬೆನಕಪ್ಪನ ಲೆಕ್ಕದಲ್ಲಿ ಅದು ಅಂಗಳ ಗುಡಿಸುವ ಕೆಲಸ. ಕಸ ಸಿಡಿಯುತ್ತದೆ ಎನ್ನುವುದೊಂದೇ ವ್ಯತ್ಯಾಸ.

ಜೀವಮಾನದಲ್ಲಿ ತುಂಬಿದ ಹೊಳೆಯನ್ನೂ ಸರಿಯಾಗಿ ನೋಡದ ಜಂಪಣ್ಣ ಹಡಗು ಹತ್ತಿದ ದಿನದಿಂದ ಬೆಕ್ಕಿನ ಹಾಗೆ ಓಡಾಡಿದ. ಸೂಳೆಕೆರೆ ಈಜಿದ ಬೆನಕಪ್ಪ ಬಂದರು ಕಣ್ಮರೆಯಾಗುವ ಮೊದಲೇ ಕಂಬಿ ಹಿಡಿದು ಬಗ್ಗಿದ. ತೋಪಿನ ಹತ್ತಿರ ನಿಲ್ಲಿಸಿದರು. ತೋಪಿನ ಮೇಲಧಿಕಾರಿಯ ಬೂಟಿನ ಮೇಲೆ ವಾಂತಿಯಾಯಿತು. ಕಾವಲಿಗೆ ಹಾಕಿದರು, ತಲೆ ಎತ್ತಿದರೆ ತಾನೇ ನೋಡುವುದು. ಸಂಕೇತದ ಬಾವುಟ ಏರಿಸುವ ಕೆಲಸಕ್ಕೆ ಹಾಕಿದಾಗ ಅದಲುಬದಲು ಮಾಡಿ, ತಮ್ಮ ಹಡಗಿನಲ್ಲಿ ಸಾಂಕ್ರಾಮಿಕ ರೋಗವಿದೆಯೆಂದು ಪಕ್ಕದ ಹಡಗಿಗೆ ತಿಳಿಸಿಬಿಟ್ಟ. ಕೊನೆಗೆ ಕಪ್ತಾನ, ಅವನೊಬ್ಬ ಇಂಗ್ಲೆಂಡಿನವನು, ಬೆನಕಪ್ಪನನ್ನು ಅಡುಗೆಮನೆಗೆ ಕಳಿಸಿ ಆಲೂಗಡ್ಡೆ ಸಿಪ್ಪೆ ತೆಗೆಯಲು ಹೇಳಿದ. ಹುಟ್ಟಿನಿಂದ ಮಾಂಸದ ವಾಸನೆ ಕಾಣದ ಮನೆಯವನಿಗೆ ಅಲ್ಲಿ ಒಣಮೀನಿನ ವಾಸನೆ. ಆದ್ದರಿಂದ ಬೆನಕಪ್ಪ ಗಂಟೆಗೆರಡು ಸಲ ಹೊರಗೆ ಓಡಿಬರುತ್ತಿದ್ದ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕೊರಳಿನ ಲಿಂಗದ ಕರಡಿಗೆ, ಸಮುದ್ರಕ್ಕೆ ಬೀಳದಿರಲಿ ಎಂದು.

"ಸಾವ್ಕಾರ್ರೆ, ಮೀನುಗಳು ನಿಮ್ಮ ಹಿಂದೇನೇ ಬರ್ತವೆ ನೋಡ್ರಿ. ಅನ್ನದಾತರು ನೀವು" ಎನ್ನುತ್ತಿದ್ದ ಜಂಪಣ್ಣ.

1945ರ ಫೆಬ್ರವರಿ. ಬರ್ಮಾದ ಅರಕಾನ್ ತೀರ. ಬೆಳಗಿನ ಒಂಬತ್ತರ ಸಮಯ, ನೀರಿನ ಮೇಲೆ ಸ್ವಲ್ಪ ಮಂಜಿತ್ತು. ಬೆನಕಪ್ಪ ಎಂದಿನಂತೆ ಅಡುಗೆಮನೆಯಿಂದ ಓಡಿಬಂದು ಎಡಗಡೆಯ ಕಂಬಿಗೆ ಬಗ್ಗಿದ. ಕೆಲಸ ಮುಗಿಸಿ ಕಣ್ಣೊರೆಸಿಕೊಂಡಾಗ, ಹತ್ತು ಹನ್ನೆರಡು ಮಾರು ಆಚೆ ಕಪ್ಪಗೆ, ದುಂಡಗೆ, ಮದುವೆ ಮನೆಯಲ್ಲಿ ನೀರು ಕಾಯಿಸುವ ಹಂಡೆಯಷ್ಟು ದೊಡ್ಡದೊಂದು ವಸ್ತು ನೀರಿನಲ್ಲಿ ಮುಳುಗುತ್ತ ಏಳುತ್ತ ಬರುತ್ತಿತ್ತು. ಮೈನು ಹೇಗಿರುತ್ತದೆಂದು ತರಬೇತಿಯಲ್ಲಿ ಇಡೀ ಒಂದು ದಿನ ಪಾಠ ಮಾಡಿದ್ದರು. ಆ ದಿನ ಬೆನಕಪ್ಪ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿದ್ದ.

"ಹಂಡೆ!" ಎಂದು ಕೂಗಿದ. "ಹಂಡೆ ಬರ್ತಾ ಐತೆ! ಹಂಡೆ!"

ಹಡಗಿನಲ್ಲಿದ್ದ ಎಂಬತ್ತು ಜನರಲ್ಲಿ ಈ ಮಾತು ಅರ್ಥವಾಗುವವನು ಒಬ್ಬನೇ. ಜಂಪಣ್ಣ ಓಡಿಬಂದು ಕಂಬಿಯ ಆಚೆ ನೋಡಿ, "ಮೈನ್! ಪೋರ್ಟ್ ಸೈಡ್ ಮೈನ್!" ಎಂದು ಮೇಲಿನವರಿಗೆ ಕೇಳುವಂತೆ ಅರಚಿದ. ಎಂಜಿನ್ನು ನಿಂತಿತು. ಆದರೆ ನಿಂತ ಎಂಜಿನ್ನಿನ ಹಡಗು ಕೂಡಲೇ ನಿಲ್ಲುವುದಿಲ್ಲ. ತೆರೆ ಮೈನನ್ನು ಹಡಗಿನ ಮೈಗೆ ತಂದು ಹಚ್ಚುತ್ತಿತ್ತು. ಎಲ್ಲರೂ ಬಲಗಡೆಗೆ ಓಡಿದರು. ಜಂಪಣ್ಣ ದೋಣಿ ಎಳೆದುಕೊಳ್ಳುವ ಉದ್ದನೆಯ ಗಳವನ್ನು ಕಿತ್ತುಕೊಂಡು ಕಂಬಿಯ ಮೇಲೆ ಬಗ್ಗಿದ.

"ಸಾವ್ಕಾರ್ರೆ, ನನ್ನ ಸೊಂಟ ಹಿಡ್ಕಳ್ರಿ."

"ನಾನಾ?"

"ಇಲ್ಲಿ ಇನ್ಯಾರು ಅದಾರೆ?"

ನೋಡಿದರೆ ಯಾರೂ ಇರಲಿಲ್ಲ. ಬೆನಕಪ್ಪನಿಗೂ ಓಡಬೇಕೆಂದೇ ಇತ್ತು, ಕಾಲು ಬರಲಿಲ್ಲ. ಜಂಪಣ್ಣನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದ. ಜಂಪಣ್ಣ ಗಳದ ತುದಿಯನ್ನು ಎರಡು ಕೊಂಬುಗಳ ನಡುವೆ ಊರಿದ. ಅದನ್ನು ಕಂಡದ್ದೇ ಬೆನಕಪ್ಪ ಕಣ್ಣು ಮುಚ್ಚಿಕೊಂಡ. ಜಂಪಣ್ಣ ತಳ್ಳಲಿಲ್ಲ. ಸುಮ್ಮನೆ ಆನಿಸಿ, ಹಡಗು ಮುಂದೆ ಹೋದ ಹಾಗೆಲ್ಲ ತಾನು ಹಿಂದೆ ಹಿಂದೆ ಹೆಜ್ಜೆ ಹಾಕಿದ. "ಕೂಗಬ್ಯಾಡ್ರಿ, ಕೂಗಬ್ಯಾಡ್ರಿ" ಎಂದು ಮೆಲ್ಲಗೆ ಹೇಳುತ್ತಿದ್ದ. ಯಾರು ಕೂಗುತ್ತಿದ್ದಾರೆಂದು ಬೆನಕಪ್ಪ ಕಿವಿಗೊಟ್ಟು ಕೇಳಿದ, ತಾನೇ. ಹೀಗೆ ಹಡಗಿನ ನಡುವಿನಿಂದ ಬಾಲದವರೆಗೆ ಇಪ್ಪತ್ತೆಂಟು ಹೆಜ್ಜೆ. ಬೆನಕಪ್ಪ ಎಣಿಸಿದ್ದ. ಕಣ್ಣು ಮುಚ್ಚಿಕೊಂಡವನಿಗೆ ಬೇರೆ ಕೆಲಸವಿರಲಿಲ್ಲ.

ಮೈನು ಹಡಗಿನ ಬಾಲ ದಾಟಿ ಹಿಂದೆ ಉಳಿಯಿತು. ಹಡಗು ಸಾಕಷ್ಟು ದೂರ ಸರಿದ ಮೇಲೆ ಎಲ್ಲರೂ ಬೋರಲು ಮಲಗಬೇಕೆಂದು ಹುಕುಂ ಆಯಿತು. ಹುಕುಂ ಬರುವ ಮೊದಲೇ ಬೆನಕಪ್ಪ ಆಲೂಗಡ್ಡೆ ಮೂಟೆಗಳ ಹಿಂದೆ ಮಲಗಿದ್ದ. ರೈಫಲುಗಳ ಸದ್ದು ಕೇಳಿತು, ಆಮೇಲೆ ಆಕಾಶವೇ ಸೀಳಿದಂತೆ ಸಿಡಿತ. ತಲೆ ಎತ್ತಿ ನೋಡಿದಾಗ ಜಂಪಣ್ಣ ಹಡಗಿನ ಬಾಲದಲ್ಲಿ ಮಂಡಿಯೂರಿ ಕುಳಿತಿದ್ದ. ಸಿಡಿತ ನೋಡಿ ಮದ್ದು ಎಷ್ಟಿತ್ತೆಂದು ಹೇಳುವುದು ಬಾವಿ ತೋಡುವವರ ಚಟ. ನೋಡಲೆಂದು ಅರ್ಧ ಎದ್ದಿದ್ದಾನೆ. ಕಬ್ಬಿಣದ ಒಂದು ಚೂರು ಹೊಟ್ಟೆಯೊಳಗೆ ಹೋಗಿತ್ತು.

ಅರ್ಧ ಗಂಟೆ ಜೀವ ಹಿಡಿದಿದ್ದ. ಬೆನಕಪ್ಪ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅಡುಗೆಯ ಖಾನ್ ಸಾಹೇಬರು ನೀರು ತಂದು ತುಟಿಗೆ ಮುಟ್ಟಿಸಿದರು. ಜಂಪಣ್ಣ ಕಣ್ಣು ಬಿಟ್ಟು, "ಹಂಡೆ ಅಂದ್ರಲ್ರಿ ಸಾವ್ಕಾರ್ರೆ" ಎಂದ. ಮುಖದಲ್ಲಿ ನಗು ಬಂತು. "ಯಾಕೆ, ಸ್ನಾನಕ್ಕೆ ಹೊರಟಿದ್ರೇನು?" ನಕ್ಕ. ನಗುವಾಗ ನೋವಾಯಿತು, ಕೆಮ್ಮಿದ, ಆಮೇಲೆ ಮಾತಾಡಲಿಲ್ಲ. ಅದೇ ಸಂಜೆ ಬಟ್ಟೆ ಸುತ್ತಿ ಅವನನ್ನು ಸಮುದ್ರಕ್ಕೆ ಇಳಿಸಿದರು.

ಕಪ್ತಾನ ನ್ಯಾಯವಂತ. ಬರೆದ ವರದಿಯಲ್ಲಿ ಇಬ್ಬರ ಹೆಸರೂ ಇದ್ದವು. ಮೊದಲು ಮೈನನ್ನು ಕಂಡು ಎಚ್ಚರಿಸಿದವನು ಬೆನಕಪ್ಪ, ಅದನ್ನು ಸರಿಸಿದವನು ಜಂಪಣ್ಣ. ಆದರೆ ಸತ್ತವನ ಪ್ರಶಂಸಾಪತ್ರ ಇಂಗ್ಲಿಷಿನಲ್ಲಿ ಅಂಚೆಯ ಮೂಲಕ ಜಗಳೂರಿಗೆ ಹೋಯಿತು. ಬದುಕಿದವನದು ಅವನ ಜೊತೆಯೇ ರೈಲು ಹತ್ತಿ ಬಂತು.

1946ರ ಜನವರಿ ಕೊನೆಗೆ ಅವನನ್ನು ಕೆಲಸದಿಂದ ಬಿಡುಗಡೆ ಮಾಡಿದರು. ಮೂರು ವಾರದ ನಂತರ ಮುಂಬಯಿಯಲ್ಲಿ ನಾವಿಕರು ಬ್ರಿಟಿಷರ ವಿರುದ್ಧ ದಂಗೆ ಎದ್ದ ಸುದ್ದಿ ಪತ್ರಿಕೆಯಲ್ಲಿ ಬಂತು. ಚರಿತ್ರೆಯಲ್ಲಿ ಸೇರುವಂಥದು ನಡೆದಾಗ ಬೆನಕಪ್ಪ ಅಂಗಡಿಯಲ್ಲಿ ಪಂಚೆ ಮಡಿಸುತ್ತಿದ್ದ. ಹಾಗಿದ್ದರೂ ಊರಿನವರಲ್ಲಿ ಅರ್ಧ ಜನ ಅವನು ಜಪಾನಿಗಳನ್ನು ಮುಳುಗಿಸಿದನೆಂದೂ ಉಳಿದರ್ಧ ಜನ ಬ್ರಿಟಿಷರನ್ನು ಬಗ್ಗಿಸಿದನೆಂದೂ ನಂಬಿದರು. ರಾಜಭಕ್ತರೂ ಖಾದಿಯವರೂ ಕೂಡಿಯೇ ಹಾರ ಹಾಕಿದರು. ಬಸವಾಪಟ್ಟಣದಲ್ಲಿ ಒಂದು ಸನ್ಮಾನ, ಚನ್ನಗಿರಿಯಲ್ಲಿ ಒಂದು. ಮೂರನೆಯದು ಹೊನ್ನಾಳಿಯಲ್ಲಿ, ಅಮಲ್ದಾರರ ಅಧ್ಯಕ್ಷತೆಯಲ್ಲಿ.

ಹೊನ್ನಾಳಿಯ ಸಭೆಯಲ್ಲಿ ಮುಖ್ಯ ಭಾಷಣ ನಿವೃತ್ತ ಹೆಡ್‌ಮಾಸ್ಟರ್ ತಿಪ್ಪೇರುದ್ರಸ್ವಾಮಿಯವರದು. ಸಮುದ್ರ ಕಂಡವರಲ್ಲ, ಆದರೆ ಅದರ ಬಗ್ಗೆ ಓದದ ಪುಸ್ತಕವಿಲ್ಲ. ನೌಕಾಯುದ್ಧದ ಚರಿತ್ರೆಯನ್ನು ಗ್ರೀಕರಿಂದ ಶುರು ಮಾಡಿದರು. ಮೂತಿಗೆ ಕಂಚು ಹೊಡೆದ ಹಡಗುಗಳು, ಒಂದೊಂದರಲ್ಲೂ ನೂರೆಪ್ಪತ್ತು ಜನ ಹುಟ್ಟು ಹಾಕುವವರು, ಎದುರಾಳಿಯ ಪಕ್ಕೆಗೆ ನುಗ್ಗಿ ತೂತು ಮಾಡುವುದು. ಆಮೇಲೆ ಗಾಳಿ ನೋಡಿ ಸುಣ್ಣದ ಪುಡಿ ತೂರಿ ಶತ್ರುವಿನ ಕಣ್ಣು ಕೆಡಿಸಿದವರು. ಕೊಂಕಣದ ಕರಾವಳಿಯ ಚುರುಕು ದೋಣಿಗಳು. ಹಾಯಿ ಹಡಗುಗಳು ಪಕ್ಕಪಕ್ಕ ನಿಂತು ತೋಪು ಹಾರಿಸಿದ ಕಾಲ. ಅಲ್ಲಿಂದ ಉಕ್ಕು, ಉಗಿ, ಜಪಾನು ರಷ್ಯದ ಹಡಗುಪಡೆಯನ್ನು ಎರಡೇ ದಿನದಲ್ಲಿ ನುಂಗಿದ್ದು. ಒಂದೂಕಾಲು ಗಂಟೆ. ಬೆನಕಪ್ಪ ನಿಜಕ್ಕೂ ಆಸಕ್ತಿಯಿಂದ ಕೇಳಿದ. ಆ ನೂರೆಪ್ಪತ್ತು ಜನರಲ್ಲಿ ಒಬ್ಬನಾದರೂ ಹುಟ್ಟು ಬಿಟ್ಟು ಪಕ್ಕಕ್ಕೆ ಬಗ್ಗಿರಬೇಕು, ಅವನ ಹೆಸರು ಯಾಕೆ ಯಾರೂ ಬರೆದಿಟ್ಟಿಲ್ಲ ಎಂದು ಯೋಚಿಸಿದ.

"ಈ ಮಹಾ ಪರಂಪರೆಯ ತುದಿಯಲ್ಲಿ ನಿಂತಿರುವವರು ನಮ್ಮ ಬಸವಾಪಟ್ಟಣದ ಬೆನಕಪ್ಪನವರು!" ಎಂದು ಮೇಷ್ಟರು ಮುಗಿಸಿದರು.

ಬೆನಕಪ್ಪ ಎದ್ದು ನಿಂತ. ಹಿಂದಿನ ಎರಡು ಸಭೆಗಳಲ್ಲಿ ಕೈಮುಗಿದು ಕೂತಿದ್ದ. ಇಂದು ಹೇಳಿಬಿಡೋಣ ಎನಿಸಿತು.

"ಮಹಾಜನಗಳೇ, ನನಗೆ ಯುದ್ಧ ಮಾಡಾಕೆ ಬರಲ್ಲ. ನಾನು ಹಡಗಿನಾಗೆ ಆಲೂಗಡ್ಡೆ ಸಿಪ್ಪೆ ಸುಲೀತಿದ್ದೆ. ಮೈನು ಕಂಡಿದ್ದು ವಾಂತಿ ಮಾಡ್ಕಳಾಕೆ ಬಗ್ಗಿದಾಗ. ಅದು ಮೈನು ಅಂತಾನೂ ಗೊತ್ತಾಗ್ಲಿಲ್ಲ, ಹಂಡೆ ಅಂದೆ."

ಸಭೆ ಗೊಳ್ಳೆಂದು ನಕ್ಕಿತು. ಎಂಥ ವಿನಯ ಎಂದು ಅಮಲ್ದಾರರು ಪಕ್ಕದವರಿಗೆ ಹೇಳಿದ್ದು ಬೆನಕಪ್ಪನಿಗೇ ಕೇಳಿಸಿತು. ಅಷ್ಟರಲ್ಲಿ ತಿಪ್ಪೇರುದ್ರಸ್ವಾಮಿಗಳು ಮತ್ತೆ ಎದ್ದರು.

"ಸಜ್ಜನರೇ, ಇಂಗ್ಲೆಂಡಿನ ಮಹಾ ದಳಪತಿ ನೆಲ್ಸನ್ನನಿಗೂ ಹಡಗು ಹತ್ತಿದರೆ ವಾಂತಿಯಾಗುತ್ತಿತ್ತು! ಕೊನೆಯವರೆಗೂ! ಇದು ಮಹಾವೀರರ ಲಕ್ಷಣ!"

ಚಪ್ಪಾಳೆ ಬಿದ್ದಿತು. ಬೆನಕಪ್ಪನ ವಾಂತಿಯೂ ಚರಿತ್ರೆಗೆ ಸೇರಿಹೋಯಿತು. "ಸರಿಸಿದೋನು ಜಂಪಣ್ಣ, ಜಗಳೂರಿನೋನು" ಎಂದು ಅವನು ಹೇಳುತ್ತಲೇ ಇದ್ದ. ಮಂಗಳವಾದ್ಯದವರು ಶುರು ಮಾಡಿಯಾಗಿತ್ತು.

ಮನೆಗೆ ಬಂದು ಹಾರವನ್ನು ಗೂಟಕ್ಕೆ ಹಾಕುವಾಗ ಕಲ್ಲಮ್ಮ ಕೇಳಿದಳು, "ಹಾರಕ್ಕೆ ಮೂರು ಊರು ಸುತ್ತಿದ್ರಿ. ಜಗಳೂರಿಗೆ ಯಾವತ್ತು ಹೋಗ್ತೀರಿ?"

"ಹೋಗಬೇಕು. ಅಂಗಡಿಯಾಗೆ ಕೆಲಸ..."

"ಅಂಗಡಿ ನೀವಿಲ್ದೇನೆ ನಾಕು ವರ್ಷ ನಡೆದೈತೆ."

ಅವಳು ಹೇಳಿದ್ದು ನಿಜ. ಅವನು ಹೆದರಿದ್ದ. ಹಡಗಿನಲ್ಲಿ ಹೆದರಿದಾಗ ಕಾಲು ಕೈಕೊಟ್ಟಿದ್ದರಿಂದ ಅಲ್ಲೇ ನಿಲ್ಲಬೇಕಾಯಿತು. ಊರಿನಲ್ಲಿ ಕಾಲು ಚೆನ್ನಾಗಿದ್ದವು, ಹಾಗಾಗಿ ಎರಡು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ.

ಮರುವಾರ ದಾವಣಗೆರೆಗೆ ಹೋಗಿ, ಅಲ್ಲಿಂದ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಜಗಳೂರಿಗೆ ಇಳಿದ. ಜಂಪಣ್ಣನ ತಾಯಿ ಹೊನ್ನೂರಮ್ಮನ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಮುದುಕಿ ಜಗುಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಯಾರೆಂದು ಹೇಳಿದ ಮೇಲೆ ಕೈಕೊಡವಿಕೊಂಡು ಎದ್ದಳು. ಒಳಗಿನಿಂದ ಒಂದು ಕಾಗದ ತಂದಳು. ಕಪ್ತಾನನ ಪ್ರಶಂಸಾಪತ್ರ. ಮಡಿಕೆ ಹಾಗೇ ಇತ್ತು.

"ಅಂಚೆಯೋನು, ಮಗ ಹೋದ ಅಂತ ಇದ್ರಾಗೆ ಬರ್ದೈತೆ ಅಂದ. ಹೆಂಗೆ ಹೋದ ಅಂತ ಅವನಿಗೂ ತಿಳೀಲಿಲ್ಲ. ನೀನು ಕಂಡೀಯೇನಪ್ಪ?"

ಬೆನಕಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. "ಕಂಡೀನಿ ಅವ್ವ. ನನ್ನ ತೊಡೆ ಮೇಲೇ ತಲೆ ಇಟ್ಟಿದ್ದ. ಕೊನೆಗೆ ನಿಮ್ಮನ್ನೇ ನೆನೆಸ್ದ. ಅವ್ವಾ, ಅವ್ವಾ ಅಂದ."

ಮುದುಕಿ ತಲೆಯಾಡಿಸಿದಳು. "ಸುಳ್ಳು."

"ಇಲ್ಲವ್ವ..."

"ಚೇಳು ಕಡಿದಾಗಲೂ ಅವ್ವಾ ಅಂದೋನಲ್ಲ ಅವನು. ಬಾವಿಯಾಗೆ ಕಲ್ಲು ಬಿದ್ದು ಹೆಬ್ಬೆಟ್ಟು ಹೋದಾಗ ನಕ್ಕಂತ ಮೇಲೆ ಬಂದಿದ್ದ. ಅಷ್ಟು ದೂರದಿಂದ ಬಂದೀಯ, ಇದ್ದದ್ದು ಹೇಳು."

ಬೆನಕಪ್ಪ ಇದ್ದದ್ದು ಹೇಳಿದ. ಸೋರೆಬುರುಡೆಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದ. ಬೂಟಿನ ಮೇಲಿನ ವಾಂತಿ, ಬಾವುಟ, ಮೀನುಗಳ ಅನ್ನದಾತ, ಹಂಡೆ. ಕಣ್ಣು ಮುಚ್ಚಿಕೊಂಡು ಬೆಲ್ಟು ಹಿಡಿದದ್ದು. ಆಲೂಗಡ್ಡೆ ಮೂಟೆಯ ಹಿಂದೆ ಮಲಗಿದ್ದು. ಜಂಪಣ್ಣ ಮಲಗದೆ ಎದ್ದದ್ದು. ಕೊನೆಗೆ ಅವನು ಕೇಳಿದ ಮಾತನ್ನೂ ಹೇಳಿದ.

"ಸ್ನಾನಕ್ಕೆ ಹೊರಟಿದ್ರೇನು ಅಂದ್ನಾ?"

"ಹೂಂ ಅವ್ವ."

ಹೊನ್ನೂರಮ್ಮ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಮೊರದಲ್ಲಿದ್ದ ಶೇಂಗಾ ಅಲ್ಲಾಡುವ ಹಾಗೆ. "ಹಂಡೆ!" ಎಂದಳು. "ಹಂಡೆ ಅಂದ್ಯಾ ಯಪ್ಪಾ!" ಬೆನಕಪ್ಪನಿಗೂ ತಡೆಯಲಾಗಲಿಲ್ಲ. ಹೊನ್ನಾಳಿಯ ಸಭೆ ನಂಬದ ಮಾತನ್ನು ನಂಬಿದವಳು ಇವಳೊಬ್ಬಳೇ. ಇಬ್ಬರೂ ನಗುತ್ತಿದ್ದಂತೆಯೇ ಅವಳ ನಗು ಎಲ್ಲೋ ತಿರುಗಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಒಂದು ವರ್ಷದಿಂದ ಕಾಗದದಲ್ಲಿ ಸತ್ತಿದ್ದ ಮಗ ಅವಳ ಪಾಲಿಗೆ ಈಗ ಸತ್ತ. ಬೆನಕಪ್ಪ ಮೊರ ಎಳೆದುಕೊಂಡು ಶೇಂಗಾ ಸುಲಿಯತೊಡಗಿದ. ಸುಲಿಯುವುದೊಂದನ್ನು ಅವನು ಮೂರು ವರ್ಷ ಕಲಿತಿದ್ದ.

ಸಂಜೆ ಹೊತ್ತಿಗೆ ಜಂಪಣ್ಣನ ಜೊತೆ ಬಾವಿ ತೋಡುತ್ತಿದ್ದವರು ಬಂದು ಕೂತರು. ಅವರ ಹಿರಿಯ ಚಿಕ್ಕಹನುಮಂತಪ್ಪ, ಬಲಗಿವಿ ಮದ್ದಿನ ಸದ್ದಿಗೆ ಹೋದವನು. ಬೆನಕಪ್ಪ ಇನ್ನೊಮ್ಮೆ ಎಲ್ಲವನ್ನೂ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಹನುಮಂತಪ್ಪ ಎಡಗಿವಿಯನ್ನು ಮುಂದೆ ತಂದು ಪ್ರಶ್ನೆ ಕೇಳಿದ.

"ಕೊಂಬು ಎಷ್ಟಿದ್ವು?"

"ಮೇಲೆ ಕಂಡಿದ್ದು ಐದೋ ಆರೋ."

"ಗಳ ಎಲ್ಲಿ ಇಟ್ಟ?"

"ಎರಡು ಕೊಂಬಿನ ನಡುವೆ."

"ತಳ್ಳಿದ್ನೇನು?"

"ಇಲ್ಲ. ಸುಮ್ನೆ ಆನಿಸ್ದ. ಅದರ ಜೊತೆ ತಾನೂ ನಡೆದ."

ಚಿಕ್ಕಹನುಮಂತಪ್ಪ ಗಾಳಿಯಲ್ಲೇ ಗಳ ಹಿಡಿದಂತೆ ಕೈಯಿಟ್ಟು ನೋಡಿದ. "ಸರಿಯಾಗೇ ಹಿಡ್ದಾನೆ" ಎಂದ. "ತಳ್ಳಿದ್ರೆ ಹೊರಳ್ತಿತ್ತು. ಹೊರಳಿದ್ರೆ ಇನ್ನೊಂದು ಕೊಂಬು ತಾಗ್ತಿತ್ತು. ಆದ್ರೆ ಸಿಡಿಯೋವಾಗ ತಲೆ ಎತ್ತಬಾರ್ದು ಅಂತ ಎಷ್ಟು ಸಲ ಬೈದೀನಿ ಅವನಿಗೆ. ಕೇಳ್ಲಿಲ್ಲ." ಅಷ್ಟು ಹೇಳಿ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಕಪ್ತಾನನ ಕಾಗದಕ್ಕಿಂತ ಈ ಮಾತೇ ಜಂಪಣ್ಣನಿಗೆ ಹೆಚ್ಚು ಹಿಡಿಸುತ್ತಿತ್ತು ಎಂದು ಬೆನಕಪ್ಪನಿಗೆ ಅನ್ನಿಸಿತು.

ಮರುದಿನ ಹೊರಡುವಾಗ ಹೊನ್ನೂರಮ್ಮ ಕೇಳಿದಳು, "ಸೊಂಟ ಹಿಡಿದಿದ್ದು ಗಟ್ಟಿಯಾಗಿ ಹಿಡಿದಿದ್ದೇನು?"

"ಕಣ್ಣು ಮುಚ್ಕಂಡಿದ್ದೆ ಅವ್ವ."

"ಕಣ್ಣಲ್ಲ ಕೇಳಿದ್ದು. ಕೈ."

"ಗಟ್ಟಿಯಾಗೇ ಹಿಡಿದಿದ್ದೆ."

"ಹಂಗಾದ್ರೆ ಸರಿ" ಎಂದಳು. ಬೆನಕಪ್ಪ ತನ್ನ ಬಗ್ಗೆ ತಾನು ಹೇಳಿಕೊಳ್ಳುತ್ತಿದ್ದ ಕತೆಯಲ್ಲಿ ಕೈಗಳ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ಊರಿಗೆ ಬಂದಾಗ ನ್ಯಾಮತಿಯ ವ್ಯಾಪಾರಿ ನಾಗೇಂದ್ರಪ್ಪನವರು ಕಾದು ಕೂತಿದ್ದರು. ನಾಲ್ಕನೆಯ ಸನ್ಮಾನ, ಸಂತೆ ಮೈದಾನದಲ್ಲಿ, ಚಪ್ಪರ ಹಾಕಿಸಿ. ಬೆನಕಪ್ಪ ಮೊದಲ ಬಾರಿಗೆ ಒಂದು ಷರತ್ತು ಹಾಕಿದ.

"ಜಗಳೂರಿನ ಹೊನ್ನೂರಮ್ಮ ನನ್ನ ಪಕ್ಕದಾಗೆ ಕುರ್ಚಿ ಮೇಲೆ ಕೂತ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

"ಅವರ್ಯಾರ್ರೀ?"

"ಹಡಗು ಉಳಿಸಿದೋನ ತಾಯಿ."

"ಹಡಗು ಉಳಿಸಿದ್ದು ನೀವಲ್ವೇನ್ರೀ?" ನಾಗೇಂದ್ರಪ್ಪನವರು ಅನುಮಾನದಿಂದ ನೋಡಿದರು. ಆದರೆ ಚಪ್ಪರದ ಬಿದಿರು ಬಂದಿಳಿದಾಗಿತ್ತು. ಒಪ್ಪಿದರು.

ಹೊನ್ನೂರಮ್ಮ ಚಿಕ್ಕಹನುಮಂತಪ್ಪನನ್ನು ಕರೆದುಕೊಂಡು ಬಂದಳು. ಕಲ್ಲಮ್ಮನೇ ಕೈಹಿಡಿದು ವೇದಿಕೆ ಹತ್ತಿಸಿದಳು. ಇಲ್ಲೂ ಭಾಷಣಕ್ಕೆ ಬಂದಿದ್ದ ತಿಪ್ಪೇರುದ್ರಸ್ವಾಮಿಗಳು ಕನ್ನಡಕ ಏರಿಸಿ, ಕಾಗದದ ಕಟ್ಟು ಬಿಚ್ಚಿ, ಗ್ರೀಕರ ಕಂಚಿನ ಮೂತಿಯ ಹಡಗುಗಳಿಂದ ಆರಂಭಿಸಿದರು. ಸುಣ್ಣದ ಪುಡಿಯವರೆಗೆ ಬರುವಷ್ಟರಲ್ಲಿ ಹೊನ್ನೂರಮ್ಮ ಮುಂದೆ ಬಾಗಿ, ಸಭೆಗೆಲ್ಲ ಕೇಳುವಂತೆ, ನಯವಾಗಿ ಕೇಳಿದಳು.

"ಸ್ವಾಮಿ, ಇದ್ರಾಗೆ ನನ್ನ ಮಗ ಎಷ್ಟೊತ್ತಿಗೆ ಬರ್ತಾನೆ?"

ಮೇಷ್ಟರು ಕೈಯಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಕೊನೆಯ ಹಾಳೆಯವರೆಗೂ ನೋಡಿದರು. ಆಮೇಲೆ ಕನ್ನಡಕ ತೆಗೆದು, "ಇದರಲ್ಲಿ ಬರೋದಿಲ್ಲ ತಾಯಿ. ನನ್ನ ತಪ್ಪು" ಎಂದು ಕೂತುಬಿಟ್ಟರು. "ಬೆನಕಪ್ಪನವರೇ, ನೀವು ಹೇಳಿ. ಈ ಸಲ ನಡುವೆ ಏಳೋದಿಲ್ಲ ನಾನು."

ಬೆನಕಪ್ಪ ಹೇಳಿದ. ಜನ ನಗುವ ಜಾಗಗಳಲ್ಲಿ ನಕ್ಕರು, ಆದರೆ ಈ ಸಲ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರು. ಕುರ್ಚಿಯ ಮೇಲೆ ಕೂತ ಮುದಿ ಮುಖ ಅವರ ಎದುರಿಗೇ ಇತ್ತು. ಗಳದ ವಿಷಯಕ್ಕೆ ಬಂದಾಗ ಚಿಕ್ಕಹನುಮಂತಪ್ಪನಿಗೆ ಬೆನಕಪ್ಪನ ವಿವರಣೆ ಸಾಲದೆನಿಸಿತು. ಎದ್ದುಬಂದು, ಹಿಡಿಯುವುದು ಹೇಗೆಂದು ತೋರಿಸಲು ಚಪ್ಪರದ ಒಂದು ಬಿದಿರನ್ನು ಎಳೆದ. ಅದು ಆಧಾರದ ಬಿದಿರು. ಅರ್ಧ ಚಪ್ಪರ ನಾಗೇಂದ್ರಪ್ಪನವರ ಮೇಲೆ ಇಳಿಯಿತು. ಬಟ್ಟೆಯೊಳಗಿಂದ ಅವರನ್ನು ಹೊರಗೆ ತೆಗೆಯುವವರೆಗೂ ಚಿಕ್ಕಹನುಮಂತಪ್ಪ ಬಿದಿರು ಹಿಡಿದು, "ತಳ್ಳಬಾರ್ದು, ಆನಿಸಬೇಕು, ಹಿಂಗೆ" ಎಂದು ಮೊದಲ ಸಾಲಿನವರಿಗೆ ಪಾಠ ಮಾಡುತ್ತಲೇ ಇದ್ದ.

ಅಂದಿನ ಹಾರ ಹೊನ್ನೂರಮ್ಮನಿಗೆ ಬಿತ್ತು. ಬಸ್ಸಿನಲ್ಲಿ ಹಿಡಿದುಕೊಂಡು ಹೋಗಲು ಆಗುವುದಿಲ್ಲವೆಂದು ಅವಳು ಅದನ್ನು ಕಲ್ಲಮ್ಮನ ಕೈಗಿಟ್ಟು, ಬೆನಕಪ್ಪನಿಗೆ ಶೇಂಗಾ ಕೀಳುವ ಹೊತ್ತಿಗೆ ಜಗಳೂರಿಗೆ ಬರಬೇಕೆಂದು ಹೇಳಿ ಹೋದಳು. ಅವನು ಹೋದ. ಮುಂದೆ ಅವಳಿರುವ ತನಕ ಪ್ರತಿ ವರ್ಷವೂ ಹೋದ.

ಸಭೆಯಾದ ಹತ್ತು ದಿನಕ್ಕೆ ಒಂದು ವಾರಪತ್ರಿಕೆಯಲ್ಲಿ ಸುದ್ದಿ ಬಂತು. ಜಗಳೂರಿನ ಬಾವಿ ತೋಡುವ ಜಂಪಣ್ಣ ಎಂಬ ವೀರ ನಾವಿಕ ಎಂಬತ್ತು ಜನರ ಪ್ರಾಣ ಉಳಿಸಿ ಮಡಿದ ಸಂಗತಿ, ಅವನ ತಾಯಿಗೆ ನ್ಯಾಮತಿಯಲ್ಲಿ ನಡೆದ ಸನ್ಮಾನ, ಎಲ್ಲವೂ ಒಂದು ತಪ್ಪಿಲ್ಲದೆ ಅಚ್ಚಾಗಿತ್ತು. ಕೊನೆಯ ಸಾಲಿನಲ್ಲಿ, "ಅದೇ ಹಡಗಿನ ಅಡುಗೆ ಸಹಾಯಕ ಬೆನಕಣ್ಣನೂ ಮಾತನಾಡಿದ" ಎಂದಿತ್ತು. ಬೆನಕಪ್ಪ ಎರಡು ಸಲ ಓದಿದ. ತಾನು ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಪತ್ರಿಕೆಯನ್ನು ನೀಟಾಗಿ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ. ಹೆಸರು ತಪ್ಪಾದದ್ದಕ್ಕೆ ಒಳಗೊಳಗೇ ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಬೇಕು.